ಎಂಟು ಬೈಕು, ಒಂದು ಜಲ್ಲಿ ದಾರಿ: ಸ್ಪಿತಿಯಿಂದ ಮನಾಲಿಗೆ ಗುಂಪಾಗಿ ಹೊರಡುವವರಿಗೆ

ಪ್ರಶ್ನೆ: ನಾವು ಸಕಲೇಶಪುರ ಮತ್ತು ಹಾಸನದ ಎಂಟು ಮಂದಿ ಗೆಳೆಯರು. ಸೆಪ್ಟೆಂಬರ್‌ನಲ್ಲಿ ಶಿಮ್ಲಾ, ಕಿನ್ನೌರ್ ದಾರಿಯಾಗಿ ಸ್ಪಿತಿಗೆ ಹೋಗಿ, ಅಲ್ಲಿನ ಕಾಜಾ ಪಟ್ಟಣದಲ್ಲಿ ಎರಡು ರಾತ್ರಿ ಉಳಿದು, ಕುಂಜುಮ್ ಪಾಸ್ ದಾಟಿ ಒಂದೇ ದಿನದಲ್ಲಿ ಮನಾಲಿ ಸೇರುವ ಯೋಜನೆ ಇದೆ. ಮೂರು ಹಿಮಾಲಯನ್ 411, ಒಂದು ಹಿಮಾಲಯನ್ 450, ಎರಡು ಎಕ್ಸ್‌ಪಲ್ಸ್ 200, ಎರಡು ಕ್ಲಾಸಿಕ್ 350 ನಮ್ಮ ಬೈಕುಗಳು. ಒಬ್ಬರ ಹಿಂದೆ ಅವರ ಪತ್ನಿ ಕೂರುತ್ತಾರೆ. ಇಬ್ಬರಿಗೆ ಡಾಂಬರು ಬಿಟ್ಟು ಬೇರೆ ದಾರಿಯ ಅಭ್ಯಾಸವೇ ಇಲ್ಲ. ಕಳೆದ ವರ್ಷ ಕೆಮ್ಮಣ್ಣುಗುಂಡಿ ಕಡೆಗೆ ಹೋದಾಗ ಇಬ್ಬರು ದಾರಿ ತಪ್ಪಿದ್ದರು, ಅವರನ್ನು ಹುಡುಕುವ ಗಡಿಬಿಡಿಯಲ್ಲಿ ಇನ್ನೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಈ ಬಾರಿ ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಂಡು ಹೋಗುವುದು ಹೇಗೆ? ವಾಕಿಟಾಕಿ ಕೊಳ್ಳಬೇಕೇ?

ಉತ್ತರ: ಹೋಗಬಹುದು. ಆದರೆ ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕೆಂಬ ಹಟವನ್ನು ಊರಿನಲ್ಲೇ ಬಿಟ್ಟು ಹೊರಡಿ. ಜಲ್ಲಿ ದಾರಿಯಲ್ಲಿ ಒಂಟಿ ಸವಾರ ಬಿದ್ದರೆ ತನ್ನ ವೇಗದಿಂದ ಬೀಳುತ್ತಾನೆ. ಗುಂಪಿನ ಸವಾರ ಬೀಳುವುದು ಹೆಚ್ಚಾಗಿ ಮುಂದಿನವನ ವೇಗದಿಂದ.

ಅದು ನಡೆಯುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಂದಿನ ಬೈಕು ತಿರುವಿನಲ್ಲಿ ಮರೆಯಾಗುತ್ತದೆ. ಹಿಂದಿನವನಿಗೆ ಧೂಳು ಮಾತ್ರ ಕಾಣುತ್ತದೆ. ಎಲ್ಲಿ ಹಿಂದುಳಿದೆನೋ ಎಂಬ ಅಳುಕಿಗೆ ಬಲಗೈ ತಾನಾಗಿಯೇ ಆಕ್ಸಿಲರೇಟರ್ ತಿರುವುತ್ತದೆ. ತಿರುವಿಗೆ ಬಂದಾಗ ಅವನ ಕಣ್ಣು ದಾರಿಯ ಮೇಲಿರುವುದಿಲ್ಲ, ಮುಂದಿನ ಬೈಕಿನ ಕೆಂಪು ದೀಪವನ್ನು ಹುಡುಕುತ್ತಿರುತ್ತದೆ. ದೀಪ ಹೊಳೆಯಿತೋ, ಇವನೂ ಬ್ರೇಕ್ ಹಿಡಿಯುತ್ತಾನೆ. ಅದೂ ಎಲ್ಲಿ? ತಿರುವಿನ ನಟ್ಟನಡುವೆ, ಉರುಳುವ ಕಲ್ಲಿನ ಮೇಲೆ, ಮುಂಚಕ್ರ ಓರೆಯಾಗಿರುವಾಗ. ಮುಂಚಕ್ರ ಜಾರಿದರೆ ಅದನ್ನು ಸರಿಪಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಇನ್ನೊಂದು ವಿಷಯ: ಈ ಅವಸರ ಹಿಂದೆ ಹೋದಷ್ಟೂ ಬೆಳೆಯುತ್ತದೆ. ಮೊದಲನೆಯವನು ಗಂಟೆಗೆ 35 ಕಿ.ಮೀ. ವೇಗದಲ್ಲಿ ಹಾಯಾಗಿ ಹೋಗುತ್ತಿದ್ದರೆ, ಎಂಟನೆಯವನು ಒಮ್ಮೆ ನಿಂತು, ಒಮ್ಮೆ 60ಕ್ಕೆ ಏರಿ, ಎದ್ದೆನೋ ಬಿದ್ದೆನೋ ಎಂದು ಓಡುತ್ತಿರುತ್ತಾನೆ. ಹೊಸಬರನ್ನು 'ನಿಧಾನವಾಗಿ ಬನ್ನಿ' ಎಂದು ಕೊನೆಗೆ ನಿಲ್ಲಿಸುವ ನಮ್ಮ ಸೌಜನ್ಯ ಅವರನ್ನು ಈ ಜಾಗಕ್ಕೇ ತಳ್ಳುತ್ತದೆ.

ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ: ಎಂಟು ಮಂದಿ ಒಬ್ಬರಿಗೊಬ್ಬರು ಕಾಣದಷ್ಟು ದೂರವಿದ್ದೂ ಯಾರೂ ಕಳೆದುಹೋಗದ ಹಾಗೆ ಮಾಡುವುದು ಹೇಗೆ? ಇದಕ್ಕೆ ಹಳೆಯ, ಪುಕ್ಕಟೆಯ ಉಪಾಯವೊಂದಿದೆ. ಜಗತ್ತಿನ ಬೇರೆ ಬೇರೆ ಕಡೆಯ ಬೈಕ್ ಕ್ಲಬ್ಬುಗಳು ಬಳಸುವ ಪದ್ಧತಿ ಇದು. ಗುಂಪಿನಲ್ಲಿ ಇಬ್ಬರ ಸ್ಥಾನ ಮಾತ್ರ ಕಾಯಂ: ಎಲ್ಲರಿಗಿಂತ ಮುಂದಿರುವ ಲೀಡ್, ಎಲ್ಲರಿಗಿಂತ ಹಿಂದಿರುವ ಸ್ವೀಪ್. ದಾರಿ ಕವಲೊಡೆಯುವ ಕಡೆ, ಹಳ್ಳ ಅಡ್ಡ ಬರುವ ಕಡೆ, ಅಪಾಯದ ತಿರುವು ಇರುವ ಕಡೆ ಲೀಡ್ ಕೈ ತೋರಿಸುತ್ತಾನೆ. ಅವನ ಹಿಂದಿರುವ ಸವಾರ ಅಲ್ಲಿಯೇ ಪಕ್ಕಕ್ಕೆ ನಿಲ್ಲುತ್ತಾನೆ. ಉಳಿದವರು ತಮ್ಮ ಪಾಡಿಗೆ ಬರುತ್ತಾ ಅವನನ್ನು ಕಂಡು, ಅವನು ತೋರಿಸಿದ ಕಡೆಗೆ ಹೋಗುತ್ತಾರೆ. ಸ್ವೀಪ್ ಬಂದಾಗ ನಿಂತಿದ್ದವನು ಹೊರಟು, ಸ್ವೀಪ್‌ಗಿಂತ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ಕವಲಿನಲ್ಲಿ ಈಗ ಲೀಡ್ ಹಿಂದಿರುವ ಇನ್ನೊಬ್ಬನ ಸರದಿ. ಹೀಗೆ ದಿನವಿಡೀ ಸ್ಥಾನಗಳು ತಿರುಗುತ್ತಿರುತ್ತವೆ, ಹೊಸಬನೂ ಒಮ್ಮೆ ಮುಂದೆ ಬರುತ್ತಾನೆ, ಚುರುಕಿನವನೂ ಒಮ್ಮೆ ಹಿಂದೆ ಬೀಳುತ್ತಾನೆ. ಯಾರಿಗೂ ಯಾರ ಬೆನ್ನು ಹತ್ತುವ ಅಗತ್ಯವಿಲ್ಲ. ಮುಂದೆ ಯಾರೂ ಕಾಣದಿದ್ದರೆ ನೇರ ದಾರಿಯೇ ಸರಿಯಾದ ದಾರಿ. ಕವಲಿದ್ದರೆ ಅಲ್ಲಿ ನಿಮ್ಮವರೊಬ್ಬರು ನಿಂತಿರಲೇಬೇಕು.

ಇದು ಕೆಡುವುದು ಒಂದೇ ಕಾರಣಕ್ಕೆ: ನಿಂತವನು ಬೇಸರವಾಗಿ ಹೊರಟುಬಿಡುತ್ತಾನೆ. ಹದಿನೈದು ನಿಮಿಷವಾಯಿತು, ಎಲ್ಲರೂ ಹೋಗಿರಬೇಕು ಎಂದುಕೊಳ್ಳುತ್ತಾನೆ. ಅಥವಾ ನೆರಳು ಹುಡುಕಿಕೊಂಡು ಬಂಡೆಯ ಹಿಂದೆ ಕೂರುತ್ತಾನೆ. ಆದ್ದರಿಂದ ಹೊರಡುವ ಮುನ್ನ ಎಲ್ಲರಿಂದಲೂ ಮಾತು ತೆಗೆದುಕೊಳ್ಳಿ: ಸ್ವೀಪ್ ಕಣ್ಣಿಗೆ ಬೀಳುವವರೆಗೆ, ಒಂದು ಗಂಟೆಯಾದರೂ ಸರಿ, ಜಾಗ ಬಿಡುವಂತಿಲ್ಲ. ಸ್ವೀಪ್ ಹೆಲ್ಮೆಟ್ಟಿಗೆ ಕಣ್ಣಿಗೆ ಹೊಡೆಯುವ ಬಣ್ಣದ ಪಟ್ಟಿ ಸುತ್ತಿದರೆ ದೂರದಿಂದಲೇ ಗುರುತು ಸಿಗುತ್ತದೆ. ನಿಲ್ಲುವ ಜಾಗ ಕವಲಿಗೆ ಸ್ವಲ್ಪ ಮೊದಲು, ಬರುವವರಿಗೆ ಕಾಣುವ ಹಾಗೆ ಇರಲಿ, ತಿರುವಿನ ಒಳಮೈಯಲ್ಲಂತೂ ಬೇಡ.

ನಿಮ್ಮ ದಾರಿಯಲ್ಲಿ ಕವಲುಗಳು ಕಡಿಮೆ, ಆದರೆ ಇರುವಷ್ಟೂ ಮೋಸದವು. ಕಾಜಾ ಬಿಟ್ಟ ಸ್ವಲ್ಪ ಹೊತ್ತಿಗೇ ಒಂದು ದಾರಿ ಸೇತುವೆ ದಾಟಿ ರಂಗ್ರಿಕ್ ಕಡೆಗೆ, ಇನ್ನೊಂದು ಕೀ ಗೊಂಪಾ (ಬೌದ್ಧ ಮಠ), ಕಿಬ್ಬರ್ ಕಡೆಗೆ ಹೋಗುತ್ತದೆ. ಎರಡೂ ಮುಂದೆ ಲೋಸರ್‌ನತ್ತ ಕೂಡಿಕೊಳ್ಳುತ್ತವೆ. ಗುಂಪು ಒಡೆದು ಅರ್ಧ ದಿನ ಕಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ: ಎರಡೂ ಗುಂಪಿಗೆ ತಾವೇ ಸರಿ ಎನಿಸುತ್ತದೆ, ಎರಡೂ ಇನ್ನೊಂದಕ್ಕಾಗಿ ಕಾಯುತ್ತವೆ. ಎರಡನೆಯದು ಕುಂಜುಮ್ ಇಳಿದ ಮೇಲೆ ಬಾತಲ್ ಹತ್ತಿರ ಚಂದ್ರತಾಲ ಸರೋವರಕ್ಕೆ ಒಡೆಯುವ ದಾರಿ. ಮೂರನೆಯದು ಗ್ರಾಂಫು. ಅಲ್ಲಿ ಏರುವ ದಾರಿ ರೋಹ್ತಾಂಗ್‌ಗೆ, ಇಳಿಯುವ ದಾರಿ ಕೋಕ್ಸರ್ ಮತ್ತು ಅಟಲ್ ಸುರಂಗಕ್ಕೆ. ಇವುಗಳ ಜತೆಗೆ ಪ್ರತಿ ದೊಡ್ಡ ಹಳ್ಳದಲ್ಲೂ ಒಬ್ಬರು ನಿಲ್ಲಲಿ.

ಇನ್ನು ವಾಕಿಟಾಕಿ. ಹೆಲ್ಮೆಟ್ಟಿನ ಇಂಟರ್‌ಕಾಮ್ ಆಗಲಿ, ಸಣ್ಣ ವಾಕಿಟಾಕಿಯಾಗಲಿ, ಮಧ್ಯೆ ಬೆಟ್ಟದ ಒಂದು ಮೂಲೆ ಅಡ್ಡ ಬಂದರೆ ಸುಮ್ಮನಾಗುತ್ತದೆ. ನಿಮಗೆ ಬೇಕಾಗುವುದು ಸರಿಯಾಗಿ ಅಂಥ ಹೊತ್ತಿನಲ್ಲಿಯೇ. ಲೀಡ್ ಮತ್ತು ಸ್ವೀಪ್ ಬಳಿ ಇದ್ದರೆ ಒಳ್ಳೆಯದು, ಎಂಟು ಜನಕ್ಕೂ ಕೊಳ್ಳುವ ಹಣವನ್ನು ಒಳ್ಳೆಯ ಬೂಟಿಗೆ ಹಾಕಿ. ಮೊಬೈಲನ್ನು ಲೋಸರ್ ದಾಟಿದ ಮೇಲೆ ಕೋಕ್ಸರ್ ಹತ್ತಿರ ಬರುವವರೆಗೆ ಕ್ಯಾಮೆರಾ ಎಂದೇ ತಿಳಿಯಿರಿ. ಗುಂಪಿನಲ್ಲಿ ಅಮೆರಿಕದಿಂದಲೋ ಯೂರೋಪಿನಿಂದಲೋ ಬರುವ ಗೆಳೆಯರಿದ್ದರೆ ಅವರಿಗೆ ಈಗಲೇ ಹೇಳಿಬಿಡಿ: ಉಪಗ್ರಹ ಫೋನನ್ನಾಗಲಿ, ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶದ ಉಪಕರಣವನ್ನಾಗಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ಅಲ್ಲಿ ಚಾರಣಿಗರು ಕೊರಳಿಗೆ ನೇತುಹಾಕಿಕೊಂಡು ಓಡಾಡುವ ವಸ್ತು ಇಲ್ಲಿ ವಿಮಾನ ನಿಲ್ದಾಣದಲ್ಲೇ ಪೊಲೀಸ್ ಪ್ರಕರಣವಾದೀತು.

ಈಗ ದಾರಿಯ ಮಾತು. ಕಾಜಾದಿಂದ ಗ್ರಾಂಫುವರೆಗೆ ಸುಮಾರು 135 ಕಿ.ಮೀ., ಮನಾಲಿಯವರೆಗೆ ಹೆಚ್ಚುಕಡಿಮೆ 190. ರಾಷ್ಟ್ರೀಯ ಹೆದ್ದಾರಿ 505 ಎಂದು ಇದಕ್ಕೆ ಹೆಸರು. ಹೆಸರು ನೋಡಿ ಮೋಸಹೋಗಬೇಡಿ. ಕಾಜಾದಿಂದ ಲೋಸರ್‌ವರೆಗಿನ ಸುಮಾರು 57 ಕಿ.ಮೀ.ಯಲ್ಲಿ ಅಲ್ಲಲ್ಲಿ ಡಾಂಬರು, ನಡುನಡುವೆ ಜಲ್ಲಿ. ಲೋಸರ್‌ನಿಂದ ಕುಂಜುಮ್‌ಗೆ ಏರು, ಹದವಾದ ಜಲ್ಲಿ. ಕುಂಜುಮ್‌ನ ನೆತ್ತಿ ಸುಮಾರು 4,550 ಮೀಟರ್. ಸ್ಪಿತಿ ನದಿಯ ಕಣಿವೆ ಅಲ್ಲಿಗೆ ಮುಗಿದು ಚಂದ್ರಾ ನದಿಯ ಕಣಿವೆ ಶುರುವಾಗುತ್ತದೆ. ಅಲ್ಲಿರುವ ಕುಂಜುಮ್ ಮಾತೆಯ ಗುಡಿಗೆ ವಾಹನ ಸಮೇತ ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು ಅಲ್ಲಿನ ಚಾಲಕರ ರೂಢಿ, ನೀವೂ ಹಾಕಿ. ಅಲ್ಲಿಂದ ಬಾತಲ್‌ಗೆ ಹತ್ತು ಹನ್ನೆರಡು ಕಿ.ಮೀ. ಸಡಿಲ ಕಲ್ಲಿನ ಹೇರ್‌ಪಿನ್ ಇಳಿಜಾರು. ಬಾತಲ್‌ನಿಂದ ಛೋಟಾ ದರ್ರಾ, ಛತ್ರು, ಗ್ರಾಂಫುವರೆಗೆ ಸುಮಾರು 50 ಕಿ.ಮೀ. ಇದೆಯಲ್ಲ, ಇದು ಬೇರೆಯೇ ಜಾತಿ. ಇಲ್ಲಿ ಜಲ್ಲಿ ಎಂದರೆ ತೆಂಗಿನಕಾಯಿ ಗಾತ್ರದ ದುಂಡು ಕಲ್ಲು. ಎಷ್ಟೋ ಕಡೆ ದಾರಿ ಮತ್ತು ಹಳ್ಳ ಎರಡೂ ಒಂದೇ. ಗಡಿ ರಸ್ತೆ ಸಂಸ್ಥೆ ಈ ದಾರಿಯನ್ನು ಅಗಲ ಮಾಡುತ್ತಾ ಬಂದಿದೆ, ವರ್ಷದಿಂದ ವರ್ಷಕ್ಕೆ ಸ್ಥಿತಿ ಬದಲಾಗುತ್ತದೆ. ಹಿಂದಿನ ದಿನ ಅತ್ತ ಕಡೆಯಿಂದ ಬಂದ ಟ್ಯಾಕ್ಸಿ ಚಾಲಕನ ಮಾತಿಗಿರುವ ಬೆಲೆ ಹಳೆಯ ವಿಡಿಯೊಗಳಿಗಿಲ್ಲ.

ನೀವು ಕಿನ್ನೌರ್ ಕಡೆಯಿಂದ ಏರುವುದು ಸರಿಯಾದ ನಿರ್ಧಾರ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಕುಂಜುಮ್ ಮೇಲೆ ನಿಂತವರಲ್ಲಿ ಅನೇಕರಿಗೆ ತಲೆ ಸಿಡಿಯುತ್ತದೆ. ಶಿಮ್ಲಾ, ಕಲ್ಪಾ, ನಾಕೋ, ತಾಬೋ ಎಂದು ತಂಗುತ್ತಾ ಬಂದವರ ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಸಿಕ್ಕಿರುತ್ತದೆ. ಆದರೆ ಈ ಲಾಭಕ್ಕೆ ಪ್ರತಿಯಾಗಿ ಒಂದು ನಷ್ಟವಿದೆ, ಅದನ್ನು ಹೇಳುವವರು ಕಡಿಮೆ. ಹಳ್ಳಗಳೆಲ್ಲ ಇರುವುದು ಬಾತಲ್ ಮತ್ತು ಗ್ರಾಂಫು ನಡುವೆ. ಅವುಗಳಲ್ಲಿ ಹರಿಯುವುದು ಹಿಮನದಿಗಳು ಕರಗಿದ ನೀರು. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಹಳ್ಳ ಇಳಿದಿರುತ್ತದೆ. ಬಿಸಿಲೇರಿದಂತೆ ತುಂಬಿ, ಸಂಜೆಯ ಹೊತ್ತಿಗೆ ಅತಿ ಹೆಚ್ಚು ಹರಿಯುತ್ತದೆ. ಮನಾಲಿಯಿಂದ ಬರುವವನಿಗೆ ಇವೆಲ್ಲ ಬೆಳಿಗ್ಗೆಯೇ ಎದುರಾಗುತ್ತವೆ. ಕಾಜಾದಿಂದ ಹೊರಟ ನಿಮಗೆ ಎದುರಾಗುವುದು ಮಧ್ಯಾಹ್ನ, ದಣಿದಿರುವಾಗ, ಹೊಟ್ಟೆ ಹಸಿದಿರುವಾಗ.

ಇದಕ್ಕೆ ನನ್ನ ಸಲಹೆ: ಎರಡು ರಾತ್ರಿ ಕಾಜಾದಲ್ಲಿ ಕಳೆಯಿರಿ, ಮೂರನೆಯ ರಾತ್ರಿ ಲೋಸರ್‌ಗೆ ಬಂದು ಮಲಗಿ. ಸುಮಾರು 4,080 ಮೀಟರ್ ಎತ್ತರದ ಹಳ್ಳಿ, ಹೋಮ್‌ಸ್ಟೇಗಳಿವೆ. ಕಾಜಾಕ್ಕೆ ಒಗ್ಗಿದ ದೇಹಕ್ಕೆ ಅಲ್ಲಿ ಒಂದು ರಾತ್ರಿ ಕಷ್ಟವಾಗುವುದಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಲೋಸರ್ ಬಿಟ್ಟರೆ ಎಂಟರ ಒಳಗೆ ಕುಂಜುಮ್, ಒಂಬತ್ತರ ಸುಮಾರಿಗೆ ಬಾತಲ್. ದೊಡ್ಡ ಹಳ್ಳಗಳನ್ನೆಲ್ಲ ಮಧ್ಯಾಹ್ನದ ಒಳಗೆ ದಾಟಿ ಛತ್ರುವಿನಲ್ಲಿ ಊಟ ಮಾಡಬಹುದು. ಆರೂವರೆಗಿಂತ ಮೊದಲು ಹೊರಡುವ ಉತ್ಸಾಹವೂ ಬೇಡ, ಸೆಪ್ಟೆಂಬರ್ ಉತ್ತರಾರ್ಧದಲ್ಲಿ ನೆರಳಿನ ತಿರುವುಗಳಲ್ಲಿ ದಾರಿಗೆ ಹರಿದ ನೀರು ತೆಳು ಗಾಜಿನಂತೆ ಗಟ್ಟಿಯಾಗಿರುತ್ತದೆ. ಎಂಟು ಜನರ ಗುಂಪಿಗೆ ಬಾತಲ್‌ನಿಂದ ಗ್ರಾಂಫುವಿಗೆ ನಾಲ್ಕರಿಂದ ಐದು ಗಂಟೆ ಬೇಕು ಎಂದೇ ಲೆಕ್ಕ ಹಾಕಿ. 'ಐವತ್ತು ಕಿಲೋಮೀಟರಿಗೆ ಐದು ಗಂಟೆಯೇ?' ಎಂದು ನಗುವವರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರನ್ನೇ ಸ್ವೀಪ್ ಮಾಡಿ.

ಬಾತಲ್‌ನಲ್ಲಿ ಮಧ್ಯಾಹ್ನ ಎರಡು ದಾಟಿದ್ದರೆ ಮುಂದೆ ಹೋಗಬೇಡಿ. ಅಲ್ಲಿನ ಚಾಚಾ-ಚಾಚಿ ಢಾಬಾ ಹಿಮದಲ್ಲಿ ಸಿಕ್ಕಿಬಿದ್ದ ಎಷ್ಟೋ ಪ್ರಯಾಣಿಕರಿಗೆ ಆಸರೆ ಕೊಟ್ಟು ಹೆಸರಾದ ಜಾಗ. ಬೇಳೆ, ಅನ್ನ, ಹೊದಿಕೆ ಸಿಗುತ್ತದೆ. ಹವಾಮಾನ ಕೆಡುವ ಸೂಚನೆಯಿದ್ದರೆ ಲೋಸರ್‌ನಲ್ಲೇ ಉಳಿಯಿರಿ. 2023ರ ಜುಲೈನಲ್ಲಿ ಅಕಾಲಿಕ ಹಿಮ ಬಿದ್ದು ಚಂದ್ರತಾಲದ ಡೇರೆಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು, ಕುಂಜುಮ್ ದಾರಿಯ ಹಿಮ ತೆಗೆದು ಅವರನ್ನು ಕರೆತರಬೇಕಾಯಿತು. ಅದು ನಡು ಬೇಸಿಗೆಯ ಮಾತು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಹಿಮ ಬಿದ್ದರೆ ಅದನ್ನು ಅಕಾಲಿಕ ಎಂದೂ ಯಾರೂ ಕರೆಯುವುದಿಲ್ಲ. ನಿಮ್ಮ ವಾಪಸು ರೈಲಿನ ಟಿಕೆಟ್ಟಿಗೂ ಮನಾಲಿ ತಲುಪುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಇರಲಿ. ಬೆಟ್ಟದಲ್ಲಿ ಕೆಟ್ಟ ನಿರ್ಧಾರಗಳನ್ನು ಮಾಡಿಸುವುದು ಹೆಚ್ಚಾಗಿ ಟಿಕೆಟ್ಟಿನ ತಾರೀಖು.

ಹಳ್ಳ ದಾಟುವ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲು ಬಂದ ಲೀಡ್ ಬೈಕನ್ನು ನಿಲ್ಲಿಸಿ, ಇಳಿದು ನೋಡುತ್ತಾನೆ. ನೀರು ಎಲ್ಲಿ ಅಗಲವಾಗಿ, ಗಲಗಲ ಸದ್ದು ಮಾಡುತ್ತಾ ಹರಿಯುತ್ತದೋ ಅಲ್ಲಿ ಆಳ ಕಡಿಮೆ. ಎಲ್ಲಿ ಕಿರಿದಾಗಿ, ನುಣ್ಣಗೆ, ಸದ್ದಿಲ್ಲದೆ ಹರಿಯುತ್ತದೋ ಅಲ್ಲಿ ಆಳ ಹೆಚ್ಚು. ಎದುರಿನಿಂದ ಜೀಪು ಬಂದರೆ ಕಾದು, ಅದರ ಚಕ್ರ ಎಲ್ಲಿ ಮುಳುಗಿತು, ಎಲ್ಲಿ ಎದ್ದಿತು ಎಂದು ಗಮನಿಸಿ. ಅನುಮಾನವಿದ್ದರೆ ಒಬ್ಬರು ಬೂಟು ಹಾಕಿಕೊಂಡೇ ನಡೆದು ನೋಡಲಿ. ನಡೆಯಲು ಆಗದ ಹಳ್ಳದಲ್ಲಿ ಬೈಕೂ ಹೋಗದು. ನೀರಿಗೆ ಇಳಿಯುವಾಗ ಮೊದಲ ಗೇರು, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಒಂದೇ ಸಮ. ಕಣ್ಣು ಆಚೆ ದಡದ ಮೇಲೆ. ಮುಂಚಕ್ರದ ಮುಂದಿರುವ ಕಲ್ಲನ್ನು ನೋಡಿದವನು ಆ ಕಲ್ಲಿಗೇ ಹೊಡೆಯುತ್ತಾನೆ. ಒಬ್ಬರು ದಾಟಿ ಮುಗಿಸುವವರೆಗೆ ಇನ್ನೊಬ್ಬರು ನೀರಿಗೆ ಇಳಿಯಬಾರದು. ಹೆದರಿಕೆಯಾದವರು ತಳ್ಳಿಕೊಂಡು ಹೋಗಲಿ, ಅದರಲ್ಲಿ ನಾಚಿಕೆಯೇನಿಲ್ಲ. ಹಾಗೆ ತಳ್ಳುವಾಗ ನೀರು ಬರುವ ಕಡೆಗೆ ನೀವಿರಬೇಕು, ನೀರು ಹೋಗುವ ಕಡೆಗೆ ಬೈಕು. ತಪ್ಪಿ ಬಿದ್ದರೆ ಅದು ಆಚೆಗೆ ಬೀಳುತ್ತದೆ, ನಿಮ್ಮನ್ನು ಅಡಿಯಲ್ಲಿ ಒತ್ತಿಕೊಳ್ಳುವುದಿಲ್ಲ. ನೀರಿನಲ್ಲಿ ಬೈಕು ಮಗುಚಿದರೆ ಮಾಡಬೇಕಾದ ಮೊದಲ ಕೆಲಸ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತುವುದು. ಓಡುತ್ತಿರುವ ಎಂಜಿನ್ ಏರ್ ಫಿಲ್ಟರ್ ಮೂಲಕ ನೀರು ಎಳೆದುಕೊಂಡರೆ, ನೀರನ್ನು ಅದುಮಲು ಪಿಸ್ಟನ್ನಿಗೆ ಆಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎತ್ತಿ ದಡಕ್ಕೆ ತಂದ ಮೇಲೂ ಸ್ಟಾರ್ಟ್ ಗುಂಡಿ ಒತ್ತಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ ನೀರು ಹೊರಹಾಕಿ, ಫಿಲ್ಟರ್ ಒಣಗಿಸಿ, ನಂತರ ಪ್ರಯತ್ನಿಸಿ. ನಿಮ್ಮ ಬೈಕಿನ ಪ್ಲಗ್ ಬಿಚ್ಚುವ ಸ್ಪ್ಯಾನರ್ ಟೂಲ್ ಕಿಟ್ಟಿನಲ್ಲಿದೆಯೇ ಎಂದು ಹಾಸನದಲ್ಲೇ ನೋಡಿಕೊಳ್ಳಿ.

ಅಭ್ಯಾಸವಿಲ್ಲದ ಇಬ್ಬರ ವಿಷಯಕ್ಕೆ ಬರೋಣ. ಅವರಿಗೆ ಇನ್ನೂ ಸಮಯವಿದೆ, ನೀವು ಕಾಫಿ ಸೀಮೆಯವರು. ಪರಿಚಯದ ತೋಟದೊಳಗಿನ ದಾರಿಯಲ್ಲಿ ಮಾಲೀಕರನ್ನು ಕೇಳಿ ನಾಲ್ಕಾರು ಭಾನುವಾರ ಓಡಿಸಲಿ. ಮೀಸಲು ಅರಣ್ಯದ ದಾರಿಗಳಿಗೆ ನುಗ್ಗಬೇಡಿ, ಅರಣ್ಯ ಇಲಾಖೆ ಪ್ರಕರಣ ಹಾಕುತ್ತದೆ, ಹಾಕಬೇಕಾದದ್ದೂ ಸರಿಯೇ. ನಮ್ಮ ಕೆಂಪು ಮಣ್ಣಿನ ಜಾರಿಕೆಗೂ ಸ್ಪಿತಿಯ ಕಲ್ಲಿಗೂ ಸ್ವಭಾವ ಬೇರೆಯಾದರೂ ಕಲಿಯಬೇಕಾದ ಮೂಲಪಾಠ ಒಂದೇ: ಬೈಕು ಅಡಿಯಲ್ಲಿ ಅಲುಗಾಡುತ್ತದೆ, ಅಲುಗಾಡಲು ಬಿಡಬೇಕು. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದವನ ಭುಜದ ಅದುರೆಲ್ಲ ಮುಂಚಕ್ರಕ್ಕೆ ಹೋಗುತ್ತದೆ. ಕಾಲಿಡುವ ಪೆಗ್ ಮೇಲೆ ನಿಂತು, ಮಂಡಿಗಳಿಂದ ಟ್ಯಾಂಕನ್ನು ಮೆತ್ತಗೆ ಅವುಚಿ, ಮೊಣಕೈ ಹೊರಕ್ಕೆ ಚಾಚಿ, ಬೆರಳು ಸಡಿಲ ಬಿಟ್ಟರೆ ಚಕ್ರ ತಾನೇ ದಾರಿ ಹುಡುಕಿಕೊಳ್ಳುತ್ತದೆ. ವಾಹನಗಳ ಚಕ್ರ ಹಾದು ಗಟ್ಟಿಯಾದ ಎರಡು ಗೆರೆಗಳಿರುತ್ತವೆ, ನಡುವೆ ಸಡಿಲ ಜಲ್ಲಿಯ ದಿಬ್ಬ. ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೊದಲೇ ವೇಗ ಇಳಿಸಿ, ದಿಬ್ಬವನ್ನು ದೊಡ್ಡ ಕೋನದಲ್ಲಿ ಕತ್ತರಿಸಿ ದಾಟಬೇಕು. ಉದ್ದಕ್ಕೆ ಜಾರಿಸಿಕೊಂಡು ಹೋಗಲು ನೋಡಿದರೆ ಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇಳಿಜಾರಿನಲ್ಲಿ, ಮುಖ್ಯವಾಗಿ ಕುಂಜುಮ್‌ನಿಂದ ಬಾತಲ್‌ಗೆ ಇಳಿಯುವಾಗ, ಮೊದಲ ಅಥವಾ ಎರಡನೆಯ ಗೇರಿನಲ್ಲಿ ಎಂಜಿನ್ನೇ ಬೈಕನ್ನು ಹಿಡಿದಿಡಲಿ. ಭಯವಾದ ಕೂಡಲೇ ಕ್ಲಚ್ ಒತ್ತುವುದು ಹೊಸಬರ ರೂಢಿ. ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಬೈಕು ಓಡತೊಡಗುತ್ತದೆ, ಆಗ ಹೆದರಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತಾರೆ. ಮುಂದಿನ ಬ್ರೇಕು ಬೇಡವೆಂದಲ್ಲ. ತಿರುವಿಗೆ ಮೊದಲು, ಬೈಕು ನೆಟ್ಟಗಿರುವಾಗ, ಒಂದೇ ಬೆರಳಿನಲ್ಲಿ. ಹಿಮಾಲಯನ್ 450ರಲ್ಲಿ ಮತ್ತು ಹೊಸ 411ಗಳಲ್ಲಿ ಹಿಂಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಆರಿಸುವ ಸೌಲಭ್ಯವಿದೆ, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಅದನ್ನು ಆರಿಸಿದರೆ ಹಿಂದಿನ ಬ್ರೇಕು ನಿಮ್ಮ ಮಾತು ಕೇಳುತ್ತದೆ. ಬೈಕು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ಎಬಿಎಸ್ ಸೂಚಕ ದೀಪ ನೋಡಿಕೊಳ್ಳಿ. ಕುರುಡು ತಿರುವಿನಲ್ಲಿ ಎಷ್ಟೇ ಕೆಟ್ಟ ಕಲ್ಲಿದ್ದರೂ ಎಡಬದಿ ಬಿಡಬೇಡಿ, ಹಾರ್ನ್ ಮಾಡಿ. ಆ ದಾರಿಯಲ್ಲಿ ಹಿಮಾಚಲ ಸಾರಿಗೆಯ ಬಸ್ಸು ಓಡುತ್ತದೆ, ತಿರುವಿನಲ್ಲಿ ಅದಕ್ಕೆ ಇಡೀ ದಾರಿ ಬೇಕು.

ಧೂಳಿನ ವಿಷಯದಲ್ಲಿ ಒಂದೇ ನಿಯಮ ಸಾಕು: ಮುಂದಿನವನ ಧೂಳು ಕುಳಿತ ಮೇಲೆ ಮುಂದಕ್ಕೆ ಹೋಗಿ. ಗಾಳಿ ಅಡ್ಡ ಬೀಸುತ್ತಿದ್ದರೆ ಅಂತರ ಐವತ್ತು ಮೀಟರಿದ್ದರೂ ಆದೀತು, ಗಾಳಿಯೇ ಇಲ್ಲದಿದ್ದರೆ ಇನ್ನೂರು ಸಾಲದು.

ಬೈಕುಗಳಲ್ಲಿ ನನ್ನನ್ನು ಕೇಳಿದರೆ ಅತ್ಯಂತ ಹಗುರವಾದ ಎಕ್ಸ್‌ಪಲ್ಸೇ ಆ ದಿನದ ರಾಜ. ಸುಮಾರು 160 ಕೆ.ಜಿ.ಯ ಬೈಕನ್ನು ಬಿದ್ದಾಗ ಒಬ್ಬನೇ ಎತ್ತಬಹುದು. ಹಿಮಾಲಯನ್ ಹೆಚ್ಚುಕಡಿಮೆ 200 ಕೆ.ಜಿ., 4,000 ಮೀಟರಿನ ಮೇಲೆ ಅದನ್ನು ಎರಡು ಸಲ ಎತ್ತಿದವನಿಗೆ ಮೂರನೆಯ ಸಲಕ್ಕೆ ಉಸಿರಿರುವುದಿಲ್ಲ. ಕುಂಜುಮ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ. 60ಕ್ಕಿಂತಲೂ ಕಡಿಮೆ. ಎಂಜಿನ್ನೂ ಅದೇ ಗಾಳಿಯನ್ನು ಉಸಿರಾಡುವುದರಿಂದ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಏರಿನಲ್ಲಿ ಬೈಕು ಎಳೆಯದಿದ್ದರೆ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಕ್ಲಾಸಿಕ್ 350 ಈ ದಾರಿಯಲ್ಲಿ ಹೋಗುತ್ತದೆ. ಆದರೆ ಅದರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 170 ಮಿ.ಮೀ., ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್‌ಗಳದ್ದು 220ರಿಂದ 230. ಆ ಐದಾರು ಸೆಂಟಿಮೀಟರಿನಲ್ಲಿ ಎಂಜಿನ್ನಿನ ತಳದ ಕವಚ ಉಳಿಯುವುದೋ ಒಡೆಯುವುದೋ ನಿರ್ಧಾರವಾಗುತ್ತದೆ. ಎರಡು ಕ್ಲಾಸಿಕ್‌ಗಳಿಗೂ ಕಲ್ಲಿನ ಹೊಡೆತ ತಡೆಯುವ ಗಟ್ಟಿಯಾದ ತಳಗಾಪು ಹಾಕಿಸಿ, ಒಂದು ಪೊಟ್ಟಣ ಎಂ-ಸೀಲ್ ಇಟ್ಟುಕೊಳ್ಳಿ. ಒಡೆದ ಕವಚಕ್ಕೆ ಎಣ್ಣೆ ಒರೆಸಿ ಅದನ್ನು ಮೆತ್ತಿದರೆ ಮನಾಲಿ ಸೇರುವಷ್ಟು ಹಿಡಿಯುತ್ತದೆ.

ಟೈರಿನ ಗಾಳಿಯನ್ನು ಲೋಸರ್‌ನಲ್ಲಿ, ಬೆಳಗಿನ ಚಳಿಯಲ್ಲೇ ಅಳೆಯಿರಿ. ಶಿಮ್ಲಾದಲ್ಲಿ ತುಂಬಿಸಿದ ಟೈರು ಮೇಲೇರಿದಂತೆ, ಹೊರಗಿನ ಒತ್ತಡ ಇಳಿದದ್ದರಿಂದ, ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಡಾಂಬರಿಗೆ ಹೇಳಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆ ಇಡಿ. ಅದಕ್ಕಿಂತ ಇಳಿಸಬೇಡಿ, ಚೂಪು ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ಕಡೆ ಕತ್ತರಿಸುತ್ತದೆ. ಟ್ಯೂಬುಗಳ ಗೊಂದಲಕ್ಕೆ ಒಂದು ಹಳೆಯ ಉಪಾಯ: ನಿಮ್ಮ ಆರು ಬೈಕುಗಳ ಮುಂಚಕ್ರ 21 ಇಂಚಿನದು. 21 ಇಂಚಿನ ಟ್ಯೂಬನ್ನು ತುರ್ತಿನಲ್ಲಿ 17 ಅಥವಾ 18 ಇಂಚಿನ ಹಿಂಚಕ್ರಕ್ಕೂ ತುರುಕಿ ಊರು ಸೇರಬಹುದು, ಸಣ್ಣ ಟ್ಯೂಬನ್ನು ದೊಡ್ಡ ಚಕ್ರಕ್ಕೆ ಎಳೆದು ಹಾಕಲಾಗದು. ಹಾಗಾಗಿ 21ರದ್ದೇ ಹೆಚ್ಚು ಇರಲಿ. ಕಾಲಿನಿಂದ ಒತ್ತುವ ಪಂಪು, ಕ್ಲಚ್ ಕೇಬಲ್, ಬ್ರೇಕು ಮತ್ತು ಕ್ಲಚ್ಚಿನ ಲಿವರ್, ಚೈನಿನ ಕೊಂಡಿ, ತಂತಿ ಸ್ವೀಪ್ ಬಳಿ ಇರಬೇಕು. ಲೀಡ್ ಬಳಿ ಇದ್ದರೆ ಪ್ರಯೋಜನವಿಲ್ಲ, ಕೆಟ್ಟು ನಿಂತವನನ್ನು ದಾಟಿ ಅವನು ಆಗಲೇ ಹೋಗಿರುತ್ತಾನೆ. ಪೆಟ್ರೋಲನ್ನು ಕಾಜಾದ ಬಂಕಿನಲ್ಲಿ ಟ್ಯಾಂಕು ತುಂಬ ಹಾಕಿಸಿ. ಆ ನಂತರ ಗ್ರಾಂಫು ದಾಟುವವರೆಗೆ ಬಂಕು ಇಲ್ಲ. 13 ಲೀಟರಿನ ಎಕ್ಸ್‌ಪಲ್ಸ್ ಮತ್ತು ಕ್ಲಾಸಿಕ್‌ಗಳಿಗೂ ಮನಾಲಿಯವರೆಗೆ ಸಾಕು.

ಹಿಂದೆ ಕೂರುವ ಅಕ್ಕನವರಿಗೆ ನನ್ನ ವಿನಂತಿ: ಲೋಸರ್‌ನಿಂದ ಗ್ರಾಂಫುವರೆಗೆ ಬೈಕು ಬೇಡ. ಇದು ಅವರ ಧೈರ್ಯದ ಪ್ರಶ್ನೆಯೇ ಅಲ್ಲ. ಹಿಂಬದಿಯಲ್ಲಿ ಭಾರವಿದ್ದರೆ ಮುಂಚಕ್ರ ಹಗುರವಾಗಿ ಕಲ್ಲಿನ ಮೇಲೆ ಹಿಡಿತ ತಪ್ಪುತ್ತದೆ, ಓಡಿಸುವವರು ಎದ್ದು ನಿಲ್ಲಲೂ ಆಗುವುದಿಲ್ಲ. ಕಾಜಾದಲ್ಲಿ ಒಂದು ಟ್ಯಾಕ್ಸಿ ಗೊತ್ತು ಮಾಡಿ. ಎಂಟು ಜನ ಹಂಚಿಕೊಂಡರೆ ಹೊರೆಯಾಗದು. ಅದು ಸ್ವೀಪ್ ಹಿಂದೆ ಬರಲಿ, ಅಕ್ಕನವರ ಜತೆ ಎಲ್ಲರ ಲಗೇಜೂ ಅದರಲ್ಲಿರಲಿ. ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ, ಯಾರಿಗಾದರೂ ಎತ್ತರದ ಕಾಯಿಲೆ ಬಂದರೆ ಅವರನ್ನು ಸಾಗಿಸಲು ನಿಮ್ಮ ಬಳಿ ಇರುವ ಏಕೈಕ ವಾಹನ ಅದು. ಹಾಗೆ ಸಾಗಿಸುವಾಗ ಅರ್ಧದಾರಿಗಿಂತ ಈಚೆಗಿದ್ದರೆ ಕಾಜಾದ ಸಮುದಾಯ ಆರೋಗ್ಯ ಕೇಂದ್ರಕ್ಕೆ, ಆಚೆಗಿದ್ದರೆ ಮನಾಲಿಗೆ ಎಂದು ಚಾಲಕನ ಜತೆ ಮೊದಲೇ ಮಾತಾಡಿಕೊಳ್ಳಿ. ಎತ್ತರದ ಕಾಯಿಲೆಯ ಅನುಮಾನವಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಬೇಗ ಕೆಳಗಿಳಿಸುವ ದಿಕ್ಕೇ ಸರಿಯಾದ ದಿಕ್ಕು. ಲೋಸರ್‌ನಲ್ಲಿ ಬೆಳಿಗ್ಗೆ ಯಾರಿಗಾದರೂ ತಲೆನೋವಿನ ಜತೆ ವಾಕರಿಕೆಯಿದ್ದರೆ ಅವರು ಅಂದು ಕುಂಜುಮ್ ಏರಬಾರದು. ಹಿಮ್ಮಡಿಗೆ ಬೆರಳು ತಾಗಿಸಿ ಒಂದು ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ, ಓಲಾಡಿದರೆ ಅದು ಮಿದುಳಿಗೆ ಬಾವು ಬಂದಿರುವ ಲಕ್ಷಣವಿರಬಹುದು. ಕಾಯದೆ ಕೆಳಗಿಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ.

ಲೀಡ್ ಯಾರಾಗಬೇಕು ಎಂಬುದು ನೀವು ಕೇಳದೆ ಬಿಟ್ಟ ಪ್ರಶ್ನೆ. ಸಾಮಾನ್ಯವಾಗಿ ಹಿಮಾಲಯನ್ 450 ಇರುವವರೇ ಮುಂದೆ ನಿಲ್ಲುತ್ತಾರೆ, 40 ಅಶ್ವಶಕ್ತಿಯ ಬೈಕು ಹಿಂದೆ ಇರಲು ಒಪ್ಪುವುದಿಲ್ಲ. ನನ್ನ ಆಯ್ಕೆ ಬೇರೆ. ಕ್ಲಾಸಿಕ್ ಓಡಿಸುವವರಲ್ಲಿ ಅನುಭವಸ್ಥರಾದವರನ್ನು ಲೀಡ್ ಮಾಡಿ. ಅವರ ಬೈಕು ಎಷ್ಟು ಹೋಗಲು ಬಿಡುತ್ತದೋ ಅಷ್ಟೇ ಗುಂಪಿನ ವೇಗ. 450ರವರು ಸ್ವೀಪ್ ಆಗಲಿ. ಕೊನೆಯಲ್ಲಿ ಬಿದ್ದವರನ್ನು ಎತ್ತಿ, ಕೆಟ್ಟದ್ದನ್ನು ಕಟ್ಟಿ, ತಡವಾದ ಮೇಲೆ ಗುಂಪನ್ನು ಕೂಡಿಕೊಳ್ಳಬೇಕಾದವರಿಗೇ ಒಳ್ಳೆಯ ಬೈಕೂ ಗಟ್ಟಿ ಕೈಯೂ ಬೇಕು. ಹೊಸಬರಿಬ್ಬರೂ ಒಬ್ಬರ ಹಿಂದೆ ಒಬ್ಬರು ಬೇಡ, ನಡುವೆ ಅನುಭವಸ್ಥರೊಬ್ಬರಿರಲಿ.

ಗ್ರಾಂಫುವಿನಿಂದ ಕೋಕ್ಸರ್‌ಗೆ ಇಳಿದರೆ ಒಳ್ಳೆಯ ಡಾಂಬರು ಸಿಗುತ್ತದೆ. ಅಲ್ಲಿ ಎಂಟೂ ಜನ ಸೇರುವವರೆಗೆ ಕಾಯಿರಿ. ಟೈರಿಗೆ ಗಾಳಿ ತುಂಬಿಸಿ, ಎಬಿಎಸ್ ಮತ್ತೆ ಚಾಲೂ ಆಗಿದೆಯೇ ನೋಡಿ, ಕಪ್ಪು ವೈಸರ್ ಇದ್ದವರು ಬದಲಿಸಿ. ಮುಂದೆ 9.02 ಕಿ.ಮೀ. ಉದ್ದದ ಸುರಂಗ, ಅದರಾಚೆ ಸೋಲಾಂಗ್‌ನಿಂದ ಮನಾಲಿಯವರೆಗೆ ಪ್ರವಾಸಿ ಕಾರುಗಳ ಸಾಲು. ಮನಾಲಿಯಲ್ಲಿ ಮರುದಿನ ಮೆಕ್ಯಾನಿಕ್‌ನಿಂದ ಚಕ್ರದ ಕಡ್ಡಿಗಳ ಬಿಗಿ ನೋಡಿಸಿ, ಏರ್ ಫಿಲ್ಟರಿನ ಧೂಳು ತೆಗೆಸಿ. ಕ್ಲಾಸಿಕ್‌ಗಳ ತಳಗಾಪಿನ ಬೋಲ್ಟುಗಳಲ್ಲಿ ಒಂದಾದರೂ ಸಡಿಲವಾಗಿರುತ್ತದೆ, ಅದನ್ನೂ ಹೇಳಿ.